ಹಳೆ ಎಂಜಿನ್‌ಗೆ ಫ್ಲಶ್ ಹಾಕದೆ ಮಡ್ಡಿ ತೆಗೆದದ್ದು

ಬಳ್ಳಾರಿಯಲ್ಲಿ ಹಳೆ ಕಾರುಗಳ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಕಪ್ಪು ಮಡ್ಡಿ ಕಾಣುವುದು ಹೊಸದೇನಲ್ಲ. ಇಲ್ಲಿ ಬಿಸಿಲು ಜಾಸ್ತಿ, ಸಂಡೂರು ಕಡೆ ಓಡಾಡುವ ಗಾಡಿಗೆ ಅದಿರಿನ ಧೂಳೂ ಸೇರುತ್ತದೆ. ಆದರೆ ಮುಖ್ಯ ಕಾರಣ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಿಸದೇ ಇರುವುದು.

ಇಂಥದ್ದೇ ಒಂದು ಮಾರುತಿ 800 ನನ್ನ ಗ್ಯಾರೇಜಿಗೆ ಬಂತು. "ಫ್ಲಶ್ ಡಬ್ಬಿ ಹಾಕಿಬಿಡ್ರಿ ಅಣ್ಣಾ, ಸಂಜೆಗೆ ಗಾಡಿ ಬೇಕು" ಅಂದರು ಮಾಲೀಕರು. ಫ್ಲಶ್ ಅಂದರೆ ಹಳೆ ಆಯಿಲ್‌ಗೆ ಬೆರೆಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಇಳಿಸುವ, ಮಡ್ಡಿ ಕರಗಿಸುವ ದ್ರವ. ನಾನು ಒಪ್ಪಲಿಲ್ಲ.

ಫ್ಲಶ್ ಮಡ್ಡಿಯನ್ನು ಪೂರ್ತಿ ಕರಗಿಸುತ್ತದೆ ಅನ್ನುವ ಭರವಸೆ ಇಲ್ಲ. ಅರ್ಧ ಕರಗಿ, ಅರ್ಧ ಚೂರುಗಳಾಗಿ ಕಳಚಿ ಬೀಳುತ್ತದೆ. ಆ ಚೂರು ಚೇಂಬರಿನಲ್ಲಿರುವ (ಎಂಜಿನ್ ತಳದ ಆಯಿಲ್ ತೊಟ್ಟಿ) ಸ್ಟ್ರೈನರ್ ಜಾಲರಿಗೆ ಅಂಟಿದರೆ ಪಂಪಿಗೆ ಆಯಿಲ್ ಸಿಗುವುದಿಲ್ಲ, ಪ್ರೆಶರ್ ಬೀಳುತ್ತದೆ. ಕ್ರ್ಯಾಂಕ್ ಬೇರಿಂಗ್, ಕ್ಯಾಮ್ ಒಣಗಿ ತಿರುಗಿ ಸವೆಯುತ್ತವೆ. ಟರ್ಬೊ ಇರುವ ಡೀಸೆಲ್ ಗಾಡಿಯಾದರೆ ಅದಕ್ಕೂ ಪೆಟ್ಟು. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ನೇರವಾಗಿ ಒಳಗೆ ಹೋಗುತ್ತದೆ. ಫ್ಲಶ್ ಸೇರಿದ ಆಯಿಲ್ ತೆಳ್ಳಗೂ ಆಗಿರುತ್ತದೆ. ಗಟ್ಟಿಯಾದ ಹಳೆ ಸೀಲುಗಳನ್ನು ಎಷ್ಟೋ ಸಲ ಆ ಮಡ್ಡಿಯೇ ಮುಚ್ಚಿ ಹಿಡಿದಿರುತ್ತದೆ. ಅದು ಹೋದ ಮೇಲೆ ಸೋರಿಕೆ ಶುರು.

ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿದೆ. ಎಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪಿಟ್ ಕವರ್ ತೆಗೆದು, ಆಯಿಲ್ ಕೆಳಗಿಳಿಯುವ ತೂತುಗಳಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಮಡ್ಡಿ ಕೆರೆದೆ. ಚೇಂಬರ್ ಬಿಚ್ಚಿದಾಗ ಜಾಲರಿ ಆಗಲೇ ಬಹಳಷ್ಟು ಕಟ್ಟಿತ್ತು. ಮಾಲೀಕರನ್ನು ಕರೆದು ತೋರಿಸಿದೆ. ಇದರ ಮೇಲೆ ಇನ್ನಷ್ಟು ಚೂರು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಲಿಲ್ಲ. ಜಾಲರಿ, ಚೇಂಬರ್ ಎರಡನ್ನೂ ಹೊರಗೆ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದು ಒಣಗಿಸಿದೆ. ಎಂಜಿನ್ ಒಳಗಿನ ಹಬೆ ಹೊರಹೋಗುವ ಬ್ರೀದರ್ ಪೈಪೂ ಸ್ವಚ್ಛ ಮಾಡಿದೆ. ಅದು ಕಟ್ಟಿದ್ದರೆ ಮಡ್ಡಿ ಮತ್ತೆ ಬೇಗ ಕೂಡುತ್ತದೆ.

ಹೊಸ ಪ್ಯಾಕಿಂಗ್, ಹೊಸ ಫಿಲ್ಟರ್, ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕಿದ ಮೇಲೆ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡದೆ ಸೆಲ್ಫ್ ಹೊಡೆದು ಮೊದಲು ಪ್ರೆಶರ್ ಏರಿಸಿಕೊಂಡೆ. ಆಯಿಲ್ ಲೈಟ್ ಆರಿದ ಮೇಲೇ ಸ್ಟಾರ್ಟ್. ಗೇಜ್ ಹಾಕಿ ಬಿಸಿ ಎಂಜಿನ್‌ನಲ್ಲೂ ಪ್ರೆಶರ್ ನೋಡಿದೆ, ಸರಿ ಇತ್ತು.

ಒಳಗೆ ಕೈಗೆ ಸಿಗದ ಮಡ್ಡಿ ಇನ್ನೂ ಇರುತ್ತದೆ ಅಲ್ವಾ? ಅದಕ್ಕೆ ಹೊಸ ಆಯಿಲ್‌ನಲ್ಲೇ ಬೆರೆಸಿರುವ ಕೊಳೆ ಬಿಡಿಸುವ ಅಂಶ, ಡಿಟರ್ಜೆಂಟ್ ಸಾಕು, ನಿಧಾನವಾಗಿ ಬಿಡಿಸುತ್ತದೆ. 1,000 ಕಿ.ಮೀ.ಗೇ ಆಯಿಲ್, ಫಿಲ್ಟರ್ ಬದಲಿಸಲು ಕರೆಸಿದೆ. ಹಳೆ ಫಿಲ್ಟರ್ ಕತ್ತರಿಸಿ ನೋಡಿದರೆ ಮಡ್ಡಿ ಇತ್ತು, ಬೇರಿಂಗ್ ಸವೆದರೆ ಕಾಣುವ ಹೊಳೆಯುವ ಲೋಹದ ಪುಡಿ ಇರಲಿಲ್ಲ.