ಹರಳಿನ ಪುಡಿಕೆಗೆ ನಂಬರು, ರೇಟಿಗೆ ತಾರೀಖು: ನನ್ನ ಅನುಭವ

"ಬಂಗಾರ ತೂಕಕ್ಕ ತಿಳೀತೈತಿ, ಹರಳು ಕಣ್ಣಿಗೆ ತಿಳೀತೈತಿ. ಕಂಪ್ಯೂಟರಿಗೆ ಏನ್ ಕಣ್ಣ ಅದಾವೇನೋ ತಮ್ಮಾ?" ಹರಳಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತೇನೆ ಅಂದಾಗ, ಕೆಲವು ವರ್ಷದ ಹಿಂದೆ, ನಮ್ಮ ಕಾಕಾ ಕೇಳಿದ ಮಾತು. ಪಕ್ಕದ ಸರಾಫರೂ ನಕ್ಕಿದ್ದರು. ಈಗ ಅದೇ ಸರಾಫರು ತಮ್ಮ ಮಗನನ್ನು ಚಹಾದ ನೆಪದಲ್ಲಿ ನಮ್ಮ ಅಂಗಡಿಗೆ ಕಳಿಸುತ್ತಾರೆ, ನಾನು ಏನು ಮಾಡಿದ್ದೇನೆ ನೋಡಿಕೊಂಡು ಬರಲಿ ಅಂತ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲ ಅಲ್ಲ, ಮುಕ್ಕಾಲು ಭಾಗ.

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ನಮ್ಮದು ಹರಳಿನ ಅಂಗಡಿ. ಗದಗ, ಹಾವೇರಿ, ರಾಣೆಬೆನ್ನೂರಿನ ಪತ್ತಾರರಿಗೂ ಮಾಲು ಕೊಡುತ್ತೇವೆ. ಬಿಡಿ ಹರಳು ಸುಮಾರು 1,400, ಲಾಟು, ಅಂದರೆ ಗುಂಪಾಗಿ ತೂಕದ ಮೇಲೆ ಕೊಂಡ ಹರಳು, ತೊಂಬತ್ತರ ಆಸುಪಾಸು. ಅಪ್ಪನ ಕಾಲದಲ್ಲಿ ಎಲ್ಲವೂ ಕೆಂಪು ಬಟ್ಟೆಯ ಕಿರ್ದಿಯಲ್ಲಿ, ಅರ್ಧ ಅಪ್ಪನ ತಲೆಯಲ್ಲಿ. ಅಪ್ಪ ಹೋದ ಮೇಲೆ ಆ ಅರ್ಧವನ್ನು ಎಲ್ಲಿ ಹುಡುಕುವುದು?

ಮೊದಲು ರೆಡಿಮೇಡ್ ಸಾಫ್ಟ್‌ವೇರ್ ತಂದೆ. 38 ಸಾವಿರ, ಮೇಲೆ ವರ್ಷಕ್ಕೆ ಆರು ಸಾವಿರ. ಅದು ಪೂರಾ ಬಂಗಾರದ ಅಂಗಡಿಯದು. ಗ್ರಾಂ, ಮಜೂರಿ, ವೇಸ್ಟೇಜ್ ಎಲ್ಲ ಚೆನ್ನಾಗಿತ್ತು. ಹರಳು ಅಂದರೆ ಮಾತ್ರ ಅದಕ್ಕೆ ಒಟ್ಟು ತೂಕದಲ್ಲಿ ಕಳೆಯಬೇಕಾದ ಒಂದು ಅಂಕಿ, ಅಷ್ಟೇ. ಹರಳು ತೂಗುವ ಕ್ಯಾರೆಟ್ಟಿಗೆ ಎರಡು ದಶಾಂಶ ಹಾಕಿಸಲು ಎಂಟು ಸಲ ಫೋನ್ ಮಾಡಿದೆ. ಒಂದೂವರೆ ವರ್ಷಕ್ಕೆ ಬಿಟ್ಟೆ. ದುಡ್ಡು ಹೋಯಿತು.

ಆಮೇಲೆ ಎಕ್ಸೆಲ್. ಇದರ ಕಥೆ ಹೇಳಲು ಈಗಲೂ ನಾಚಿಕೆ. ಒಂದು ದಿನ ರೇಟಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತಿದೆ. ಉಳಿದ ಕಾಲಂಗಳು ಇದ್ದಲ್ಲೇ ಇದ್ದವು, ರೇಟು ಮಾತ್ರ ಮೇಲೆ ಕೆಳಗೆ ಆಯಿತು. ಸೇವ್ ಮಾಡಿ ಮನೆಗೆ ಹೋದೆ. ಮರುದಿನ ಸಿಲೋನ್ ಪುಷ್ಯರಾಗ ಒಂದು ಬ್ಯಾಂಕಾಕ್ ಮಾಲಿನ ರೇಟಿಗೆ ಹೋಯಿತು. ಹದಿನಾಲ್ಕು ಸಾವಿರ ಲಾಸ್. ಗಿರಾಕಿ ಬಹಳ ಖುಷಿಯಾಗಿ ಹೋದಾಗಲೇ ನನಗೆ ಸಂಶಯ ಬಂತು. ಅದರ ಜೊತೆಗೆ, ಹೆಸರುಗಳನ್ನು ಹಳೆಯ ಕನ್ನಡ ಫಾಂಟಿನಲ್ಲಿ ಹೊಡೆದಿದ್ದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಗೋಮೇಧಿಕವೂ ಇಲ್ಲ, ವೈಡೂರ್ಯವೂ ಇಲ್ಲ, ಬರೀ ಇರುವೆ ಹರಿದ ಹಾಗೆ. ಯೂನಿಕೋಡಿನಲ್ಲಿ ಎಲ್ಲ ಮತ್ತೆ ಟೈಪ್ ಮಾಡಲು ಹದಿನೈದು ರಾತ್ರಿ ಬೇಕಾಯಿತು.

ಕೊನೆಗೆ ಕಾಕಾನ ಮಗಳನ್ನೇ ಹಿಡಿದೆ. ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಪೈಥಾನ್ ಭಾಷೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಹಾಕಿ ಸಣ್ಣ ಪ್ರೋಗ್ರಾಂ ಬರೆದಳು. ಹದಿನೈದು ಸಾವಿರ ಕೊಟ್ಟೆ, ಒಂದು ಜೊತೆ ಓಲೆಯನ್ನೂ ಕೊಟ್ಟೆ. ಅವಳು ಕೇಳಿದ ಮೊದಲ ಪ್ರಶ್ನೆಯೇ ನನ್ನ ಕಣ್ಣು ತೆರೆಸಿತು. "ಅಣ್ಣಾ, ರೇಟು ಹರಳಿಂದೋ, ಅದರ ಜಾತೀದೋ?"

ನಾವು ಇಷ್ಟು ವರ್ಷ ಪ್ರತಿ ಪುಡಿಕೆಯ ಮೇಲೂ ರೇಟು ಬರೆಯುತ್ತಿದ್ದೆವು. ಪಚ್ಚೆಯ ರೇಟು ಏರಿದರೆ ಇನ್ನೂರು ಪುಡಿಕೆ ಬಿಚ್ಚಿ ತಿದ್ದಬೇಕು. ಯಾರು ತಿದ್ದುತ್ತಾರೆ? ಹಾಗಾಗಿ ಮೂರು ವರ್ಷದ ಹಿಂದಿನ ರೇಟಿನಲ್ಲೇ ಮಾಲು ಹೋಗುತ್ತಿತ್ತು. ಈಗ ಪುಡಿಕೆಯ ಮೇಲೆ ನಂಬರು, ತೂಕ, ನಮ್ಮ ಗುಟ್ಟಿನ ಅಕ್ಷರದಲ್ಲಿ ಅಸಲು, ಇಷ್ಟೇ. ಅಸಲನ್ನು ಯಾವತ್ತೂ ಮುಟ್ಟುವುದಿಲ್ಲ. ರೇಟು ಬೇರೆ ಪಟ್ಟಿಯಲ್ಲಿದೆ: ಯಾವ ಹರಳು, ಯಾವ ದೇಶದ್ದು, ಬಣ್ಣ ಏರಲು ಬೆಂಕಿಯಲ್ಲಿ ಕಾಸಿದ್ದೋ ಕಾಸದ್ದೋ, ಸೈಜು, ದರ್ಜೆ. ಮೊಜಾಂಬಿಕ್ ಮಾಣಿಕ್ಯ ಕಾಸದ್ದು ಒಂದು ಸಾಲು, ಕಾಸಿದ್ದು ಇನ್ನೊಂದು, ಗಾಜು ತುಂಬಿದ್ದು ಮೂರನೆಯದು. ಇವನ್ನು ಒಂದೇ ಸಾಲಿಗೆ ಹಾಕಿದವನು ಮುಳುಗಿದ. ಒಟ್ಟು 340 ಸಾಲು ಇರಬಹುದು. ರೇಟು ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ, ಹೊಸ ತಾರೀಖಿನೊಂದಿಗೆ ಹೊಸ ಸಾಲು. ಹೋದ ದೀಪಾವಳಿಗೆ ಏನು ರೇಟಿತ್ತು ಅಂತ ಪತ್ತಾರ ಜಗಳ ತೆಗೆದರೆ ಎರಡು ಸೆಕೆಂಡಿನಲ್ಲಿ ತೋರಿಸುತ್ತೇನೆ.

ಗುಟ್ಟಿನ ಅಕ್ಷರ ಅಂದೆನಲ್ಲ, ಅದು ಅಜ್ಜನ ಕಾಲದ್ದು. ಹತ್ತು ಬೇರೆ ಬೇರೆ ಅಕ್ಷರದ ಒಂದು ಮಾತು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಆ ಮಾತು ಯಾವುದು ಅಂತ ಹೆಂಡತಿಗೂ ಹೇಳಿಲ್ಲ.

ಇನ್ನು ರತ್ತಿ ಅನ್ನುವ ಹಳೆಯ ತೂಕದ ತಲೆನೋವು. ಜ್ಯೋತಿಷಿಗಳು ಚೀಟಿ ಬರೆದು ಕಳಿಸುತ್ತಾರೆ: ಸವ್ವಾ ಐದು ರತ್ತಿ, ಅಂದರೆ 5.25. ಹರಳಿನ ರತ್ತಿ 0.91 ಕ್ಯಾರೆಟ್ ಹಿಡಿದರೆ ಅದು 4.78 ಕ್ಯಾರೆಟ್. ಪತ್ತಾರರ ಹಳೆಯ ರತ್ತಿ, ಅಂದರೆ ತೊಲೆಗೆ 96, ಹಿಡಿದರೆ 3.19 ಬರುತ್ತದೆ. ಪ್ರೋಗ್ರಾಮಿನಲ್ಲಿ ಎಲ್ಲ ಕ್ಯಾರೆಟ್ಟಿನಲ್ಲೇ ಇದೆ, ರತ್ತಿ ಬರೀ ತೋರಿಸಲಿಕ್ಕೆ. 4.70ರಿಂದ 5ರ ಒಳಗಿನ ಹರಳಿಗೆ ನಾನು ಬೇರೆ ಸೈಜಿನ ಸಾಲೇ ಮಾಡಿದ್ದೇನೆ. ಜ್ಯೋತಿಷಿಯ ಚೀಟಿ ಹಿಡಿದು ಬಂದವರು ಕೇಳುವುದು ಅದನ್ನೇ.

ಬಿಡಿ ಹರಳು ಸುಲಭ. ಲಾಟು ಕಷ್ಟ. ಜೈಪುರದಿಂದ ಗಾರ್ನೆಟ್ ಲಾಟು ಬಂತು ಅಂದುಕೊಳ್ಳಿ. 50 ಕ್ಯಾರೆಟ್, ಕ್ಯಾರೆಟ್ಟಿಗೆ 900, ಒಟ್ಟು 45 ಸಾವಿರ. ಮೊದಲ ಗಿರಾಕಿ ಚಂದದ್ದನ್ನೇ ಆರಿಸುತ್ತಾನೆ, 15 ಕ್ಯಾರೆಟ್ 1,600ರಂತೆ ಹೋಯಿತು. ಆಮೇಲೆ 20 ಕ್ಯಾರೆಟ್ 1,100ರಂತೆ. ಸಾಫ್ಟ್‌ವೇರ್ ಹದಿನಾಲ್ಕೂವರೆ ಸಾವಿರ ಲಾಭ ಅನ್ನುತ್ತದೆ. ಉಳಿದ 15 ಕ್ಯಾರೆಟ್ ಇನ್ನೂ 900ರಂತೆ ಪುಸ್ತಕದಲ್ಲಿ ಕೂತಿದೆ. ನಿಜವಾಗಿ ಅದು ಗಾಳಿಸಿ ಉಳಿದ ನುಚ್ಚು, 400 ಬಂದರೆ ಪುಣ್ಯ. ಅಂದರೆ ನನ್ನ ನಿಜವಾದ ಲಾಭ ಏಳೇ ಸಾವಿರ. ನಾನು ಎರಡು ವರ್ಷ ಇಲ್ಲದ ಲಾಭ ನೋಡಿ ಹೊಸ ಮಾಲಿಗೆ ದುಡ್ಡು ಹಾಕಿದೆ. ತಿಜೋರಿ ತುಂಬಾ ನುಚ್ಚು, ಕೈಯಲ್ಲಿ ಕಾಸಿಲ್ಲ!

ಈಗ ಲಾಟು ಬಂದ ದಿನವೇ ಸುರುವಿ ಮೂರು ಗುಂಪು ಮಾಡುತ್ತೇನೆ: ಆರಿಸುವ ಮಾಲು, ನಡುವಿನದು, ಬಾಲ. ಅಸಲನ್ನು ಮೂರಕ್ಕೂ ಬೇರೆ ಬೇರೆ ಹಂಚುತ್ತೇನೆ. ಎಷ್ಟೆಷ್ಟು ಪಾಲು ಅನ್ನುವುದು ನನ್ನ ಹತ್ತಿರವೇ ಇರಲಿ. ಅದು ಒಂದೊಂದು ಹರಳಿಗೆ ಒಂದೊಂದು ಥರ, ಕಲಿಯಲು ಎರಡು ಲಕ್ಷವಾದರೂ ಖರ್ಚಾಗಿದೆ. ಪ್ರತಿ ಮಾರಾಟದ ನಂತರ ಉಳಿದದ್ದನ್ನು ಮತ್ತೆ ತೂಗುತ್ತೇವೆ. ಕಳೆದು ಬರೆಯುವುದಿಲ್ಲ, ತೂಗಿ ಬರೆಯುತ್ತೇವೆ.

ತಕ್ಕಡಿಯ ವೈರನ್ನು ಕಂಪ್ಯೂಟರಿಗೇ ಜೋಡಿಸಿದ್ದೇವೆ. ಮೊದಲ ವಾರ ತೂಕ ಕುಣಿಯುತ್ತಿತ್ತು. ವೈರು, ಪೋರ್ಟು, ಪ್ರೋಗ್ರಾಂ ಎಲ್ಲ ನೋಡಿದೆವು. ತಪ್ಪು ತಲೆ ಮೇಲಿನ ಫ್ಯಾನಿನದು. ಅಂಗಡಿಯ ಹುಡುಗ ತಕ್ಕಡಿಯ ಗಾಜಿನ ಮುಚ್ಚಳ ತೆಗೆದಿಟ್ಟಿದ್ದ.

ಲೇಬಲ್ಲಿನಲ್ಲೂ ಹೀಗೇ ಆಯಿತು. ಅಗ್ಗದ ಪ್ರಿಂಟರ್, ರಿಬ್ಬನ್ ಇಲ್ಲದ್ದು. ಒಂದು ಬೇಸಿಗೆಗೆ ಬಿಸಿಲು ಬೀಳುವ ಶೋಕೇಸಿನ ಅಕ್ಷರವೆಲ್ಲ ಮಾಸಿ ಹೋಯಿತು. ರಿಬ್ಬನ್ ಪ್ರಿಂಟರ್ ಸೆಕೆಂಡ್ ಹ್ಯಾಂಡ್ ಹನ್ನೊಂದು ಸಾವಿರಕ್ಕೆ ಸಿಕ್ಕಿತು, ಇವತ್ತಿಗೂ ಗಟ್ಟಿ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಹೊರದೇಶದ ಮಾಲಲ್ವಾ, ಡಾಲರ್ ರೇಟಿಗೆ ತಕ್ಕಂತೆ ಬೆಳಗ್ಗೆ ಎಲ್ಲ ಬೆಲೆ ತಾನೇ ಬದಲಾಗಲಿ ಅಂತ. ಬದಲಾಯಿತು. ನಿನ್ನೆ 8,200 ಅಂದದ್ದು ಇವತ್ತು 8,235. ಹಾವೇರಿಯ ಪತ್ತಾರರೊಬ್ಬರು ಫೋನಿನಲ್ಲಿ, "ಸಾವ್ಕಾರ್ರ, ಹರಳ ಮಾರ್ತೀರೋ, ಉಳ್ಳಾಗಡ್ಡಿ ಮಾರ್ತೀರೋ?" ಅಂದರು. ಹನ್ನೊಂದು ದಿನಕ್ಕೆ ನಿಲ್ಲಿಸಿದೆ. ವಜ್ರಕ್ಕೆ ರಾಪಾಪೋರ್ಟ್ ಅನ್ನುವ ಬೆಲೆ ಪಟ್ಟಿ ವಾರವಾರ ಬರುತ್ತದೆ. ಬಣ್ಣದ ಹರಳಿಗೆ ಹಾಗೆ ಎಲ್ಲರೂ ಒಪ್ಪುವ ಪಟ್ಟಿ ಎಲ್ಲಿದೆ? ನಾನೀಗ ಶನಿವಾರ ಸಂಜೆ ಕೂರುತ್ತೇನೆ. ಜೈಪುರದ ಇಬ್ಬರು ದಲಾಲರಿಗೆ ಫೋನು, ನನ್ನ ಕೊನೆಯ ಮೂರು ಖರೀದಿ, ಆ ವಾರ ಗಿರಾಕಿ ಎಲ್ಲಿ ಮುಖ ತಿರುಗಿಸಿದ ಅನ್ನುವುದು. ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಏರುಪೇರಾದರೆ ಮುಟ್ಟುವುದೇ ಇಲ್ಲ. ಒಂದು ಗಂಟೆಯ ಕೆಲಸ.

ತೆರಿಗೆಯ ದರವನ್ನೂ ತಾರೀಖಿನ ಜೊತೆಗೇ ಇಟ್ಟಿದ್ದೇನೆ. ಪಾಲಿಶ್ ವಜ್ರದ ಜಿಎಸ್‌ಟಿ 2022ರ ಜುಲೈನಲ್ಲಿ ನೂರಕ್ಕೆ 0.25ರಿಂದ 1.5ಕ್ಕೆ ಏರಿದಾಗ ಒಂದೇ ಸಾಲು ಸೇರಿಸಿದೆ, ಮುಗಿಯಿತು.

ದುಡ್ಡು ನಿಜವಾಗಿ ವಾಪಸ್ ಬಂದದ್ದು ಮಾತ್ರ ಜಾಂಗಡದಲ್ಲಿ, ಅಂದರೆ ದುಡ್ಡು ಕೊಡದೆ ನಂಬಿಕೆಯ ಮೇಲೆ ಒಯ್ದ ಮಾಲಿನಲ್ಲಿ. ನೋಡಿ ಕೊಡುತ್ತೇನೆ ಅಂತ ಒಯ್ದ ಹರಳಿಗೆ ಪ್ರತಿಯೊಂದಕ್ಕೂ 'ಎಲ್ಲಿದೆ' ಅನ್ನುವ ಕಾಲಂ ಹಾಕಿಸಿದೆ: ತಿಜೋರಿ, ಶೋಕೇಸ್, ಜಾಂಗಡ. ಹದಿನೈದು ದಿನ ದಾಟಿದರೆ ಸಾಲು ಕೆಂಪಾಗುತ್ತದೆ. ಮೊದಲ ದಿನ ಪರದೆಯ ಅರ್ಧ ಕೆಂಪಾಯಿತು. ಒಬ್ಬರ ಹತ್ತಿರವೇ 23 ಹರಳು, ವರ್ಷ ದಾಟಿದ್ದು, 1.8 ಲಕ್ಷದ ಮಾಲು. ನಾವು ಮರೆತಿದ್ದೆವು, ಅವರು ಮರೆತಿರಲಿಲ್ಲ. ನಂಬರು ಸಮೇತ ಪಟ್ಟಿ ಒಯ್ದು ಮುಂದೆ ಇಟ್ಟೆ. ಹದಿನೇಳು ಹರಳು ವಾಪಸ್ ಬಂದವು, ನಾಲ್ಕಕ್ಕೆ ದುಡ್ಡು ಬಂತು, ಎರಡು ಹೋದವು. ಮಾಡಿದ ಖರ್ಚೆಲ್ಲ ಅಲ್ಲೇ ತೀರಿತು.

ಮೊದಲು ವರ್ಷದ ಸ್ಟಾಕ್ ನೋಡಲು ಮೂರು ದಿನ ಬಾಗಿಲು ಹಾಕುತ್ತಿದ್ದೆವು. ಹೋದ ಸಲ ಸ್ಕ್ಯಾನರ್ ಹಿಡಿದು ಇಬ್ಬರು ನಾಲ್ಕೂವರೆ ತಾಸಿಗೆ ಮುಗಿಸಿದೆವು. ಎರಡು ಹರಳು ಕಡಿಮೆ ಬಂತು. ಒಂದು ಗಲ್ಲೆಯ ಸಂದಿಯಲ್ಲಿತ್ತು. ಇನ್ನೊಂದು ಕಾಕಾನ ಉಂಗುರದಲ್ಲಿ.

ಮುತ್ತಿನ ಸರ ಇನ್ನೂ ಕಿರ್ದಿಯಲ್ಲೇ ಇದೆ. ಗಿರಾಕಿ ನಡುವಿನಿಂದ ನಾಲ್ಕು ಮುತ್ತು ಬಿಚ್ಚಿಸಿ ಒಯ್ದರೆ ಉಳಿದ ಸರಕ್ಕೆ ಏನು ನಂಬರು ಕೊಡುವುದು ಅಂತ ಕಾಕಾನ ಮಗಳಿಗೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ.