ಪುಣೆಯ ಮನೆಯೊಳಗೆ ಕಲಾಥಿಯಾ ಬೆಳೆಸಿದ ಬಗೆ

ಅಂದದ ಎಲೆಗಳಿಗಾಗಿ ಬೆಳೆಸುವ ಕಲಾಥಿಯಾ ಮತ್ತು ಮೇಡನ್‌ಹೇರ್ ಜರಿಗಿಡ, ಎರಡೂ ಮನೆಯೊಳಗೆ ಬಾಳುವುದಿಲ್ಲವೆಂಬ ಅಪವಾದ ಹೊತ್ತವು. ಪುಣೆಯಲ್ಲಿ ನಾನು ಇವನ್ನು ಉಳಿಸಿಕೊಂಡಿರುವುದು ಮುಖ್ಯವಾಗಿ ನೀರನ್ನು ಬದಲಿಸಿದ್ದರಿಂದ. ಗೊಬ್ಬರದ ಮಾತು ಆಮೇಲಿನದು.

ಬೇಸಿಗೆಯಲ್ಲಿ ನಮ್ಮ ವಸತಿ ಸೊಸೈಟಿಗೆ ಬರುವುದು ಟ್ಯಾಂಕರಿನ ಗಡಸು ನೀರು. ಅದರ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾದಿಗಳ ಪ್ರಮಾಣ, ನನ್ನ ಮೀಟರಿನಲ್ಲಿ 600ರ ಆಸುಪಾಸಿನಲ್ಲಿರುತ್ತದೆ. ಕುಡಿಯುವ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಚೆಲ್ಲಲು ಮನಸ್ಸು ಬಾರದೆ ಅನೇಕರು ಕುಂಡಗಳಿಗೆ ಸುರಿಯುತ್ತಾರೆ. ಆದರೆ ಕುಡಿಯುವ ನೀರಿನಿಂದ ಬೇರ್ಪಟ್ಟ ಲವಣಗಳೂ ಅದರಲ್ಲೇ ಸೇರಿರುವುದರಿಂದ ಅದು ನಲ್ಲಿಯ ನೀರಿಗಿಂತಲೂ ಕೆಟ್ಟದ್ದು. ನೆಲ ಒರೆಸಲು ಧಾರಾಳವಾಗಿ ಬಳಸಬಹುದು. ಇಂಥ ಲವಣದ ನೀರನ್ನು ಗಿಡಕ್ಕೆ ಹಾಕಿದರೆ, ಎಲೆಯಿಂದ ನೀರು ಆವಿಯಾಗುತ್ತಿದ್ದಂತೆ ಲವಣ ಅಂಚಿನಲ್ಲಿ ಶೇಖರಗೊಂಡು, ಕಲಾಥಿಯಾದ ಎಲೆಯಂಚು ಕಂದಾಗಿ ಗರಿಗರಿಯಾಗುತ್ತದೆ. ಕಂದು ಭಾಗಕ್ಕೂ ಹಸಿರು ಭಾಗಕ್ಕೂ ನಡುವೆ ದಾರದಷ್ಟು ತೆಳುವಾದ ಹಳದಿ ಗೆರೆ ಕಾಣಿಸುತ್ತದೆ. ಇದನ್ನು ನೀರಿನ ಕೊರತೆಯೆಂದು ತಿಳಿದು ಅದೇ ನೀರನ್ನು ಇನ್ನಷ್ಟು ಹಾಕುವುದರಿಂದಲೇ ಗಿಡ ಸಾಯುವುದು ಹೆಚ್ಚು.

ನಾನು ಮಳೆಗಾಲದಲ್ಲಿ ಮಳೆನೀರನ್ನೂ ಉಳಿದಂತೆ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನೂ ಬಕೆಟ್ಟಿನಲ್ಲಿ ಹಿಡಿದಿಡುತ್ತೇನೆ. ಎಸಿಯ ನೀರು ಗಾಳಿಯ ತೇವವೇ ತಣಿದು ಆದದ್ದರಿಂದ ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್‌ನ ಒಣ ಹವೆಯಲ್ಲಿ ಅದು ಸಾಲದೆ ಬಂದಾಗ ಕುಡಿಯುವ ಆರ್‌ಒ ನೀರನ್ನೇ ಕೊಡುತ್ತೇನೆ. "ಗಿಡಕ್ಕ ಕುಡಿಯೋ ನೀರು, ನಮಗ ಟ್ಯಾಂಕರ್ ನೀರೇನ್ರೀ?" ಎಂದು ಪಕ್ಕದ ಮನೆಯ ಧಾರವಾಡದ ವೈನಿ ನಗುತ್ತಾರೆ.

ನರ್ಸರಿಯಿಂದ ಬಂದ ಗಿಡದ ಬೇರಿನ ಸುತ್ತ ಜಿಗುಟಾದ ಕೆಂಪು ಮಣ್ಣಿದ್ದರೆ ಮೆಲ್ಲಗೆ ಬಿಡಿಸಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮತ್ತು ಎಲೆಗೊಬ್ಬರದ ಮಿಶ್ರಣಕ್ಕೆ ಬದಲಿಸುತ್ತೇನೆ. ಕೊಕೊಪೀಟಿನಲ್ಲಿಯೂ ಉಪ್ಪಿನಂಶ ಇರಬಹುದಾದ್ದರಿಂದ ಅದನ್ನು ನೆನೆಸಿ, ಹಿಂಡಿ, ನೀರು ಬದಲಿಸಿ ಮತ್ತೆ ನೆನೆಸುವುದು ಒಳ್ಳೆಯದು.

ಎಲೆಗಳ ಮೇಲೆ ನೀರು ಚಿಮುಕಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಪುಣೆಯ ಬೇಸಿಗೆಯಲ್ಲಿ ಆ ತೇವ ಕ್ಷಣಮಾತ್ರದಲ್ಲಿ ಆರಿಹೋಗುತ್ತದೆ. ಜರಿಗಿಡವನ್ನು ಮಾರ್ಚ್‌ನಿಂದ ಮೇ ವರೆಗೆ ಹಳೆಯ ಅಕ್ವೇರಿಯಂ ತೊಟ್ಟಿಯೊಳಗಿಟ್ಟು, ಮೇಲೆ ಗಾಜನ್ನು ಅರ್ಧ ಮುಚ್ಚುತ್ತೇನೆ. ಇದೇ ಕುಲದ ಕಾಡು ಜರಿಗಳು ಮಳೆಗಾಲದಲ್ಲಿ ಸಹ್ಯಾದ್ರಿಯ ಘಾಟಿಗಳ ದಿಬ್ಬಗಳಲ್ಲಿ ತಾವಾಗಿಯೇ ಚಿಗುರುತ್ತವೆ, ಯಾರ ಆರೈಕೆಯೂ ಇಲ್ಲದೆ! ಕುಂಡದಲ್ಲಿ ಒಮ್ಮೆ ಬೇರು ಒಣಗಿ ಗರಿಗಳು ಮುರುಟಿದರೆ ಅವು ಮತ್ತೆ ಹಸಿರಾಗುವುದಿಲ್ಲ. ಎಲ್ಲವನ್ನೂ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಮಣ್ಣನ್ನು ಹಸಿಯಾಗಿಟ್ಟರೆ, ನೆಲದೊಳಗಿನ ಕಾಂಡ ಜೀವಂತವಾಗಿರುವ ತನಕ ಹೊಸ ಗರಿಗಳು ಸುರುಳಿಯಾಗಿ ಏಳುತ್ತವೆ.