ಎರಡೂ ತೂತಿನಲ್ಲಿ ಟೆಸ್ಟರ್ ಉರಿಯಿತು

ನಾನು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಬಂದದ್ದು ನಮ್ಮ ತೋಟದ ಬೋರ್‌ವೆಲ್ ಮೋಟರ್ ಸುಟ್ಟ ಸಿಟ್ಟಿಗೆ. ತಿಪಟೂರು ಕಡೆ ತೆಂಗಿನ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಕರೆಂಟು, ಅಂದರೆ ಮೂರು ಲೈನಿನಲ್ಲಿ ಬರುವ ಕರೆಂಟು, ದಿನಕ್ಕೆ 7 ಗಂಟೆ ಅಂತ ಲೆಕ್ಕ. ಅದರ ಮಧ್ಯೆ ಒಂದು ಫೇಸ್ ಹೋಯಿತು ಅಂದರೆ ಮೋಟರ್ ಗುಂಯ್ ಅನ್ನುತ್ತಾ ಬಿಸಿಯಾಗಿ ಸುಡುತ್ತದೆ. ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟರ್ ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸಿದೆವು. ಎರಡನೇ ಸಲ ಅಂಗಡಿಯವರು, 'ಸ್ಟಾರ್ಟರ್‌ನಲ್ಲಿ ಪ್ರಿವೆಂಟರ್ ಇರಲಿಲ್ವಾ?' ಅಂತ ಕೇಳಿದರು. ಇತ್ತು. ಒಂದು ಫೇಸ್ ಹೋದರೆ ಮೋಟರನ್ನು ತಾನೇ ನಿಲ್ಲಿಸುವ ಸಾಧನ ಅದು. ಸುಮ್ನೆ ಸುಮ್ನೆ ಟ್ರಿಪ್ ಆಗುತ್ತೆ ಅಂತ ಅಪ್ಪನೇ ಅದನ್ನು ಬಿಚ್ಚಿಸಿ ಹಾಕಿದ್ದರು. ಅಂದರೆ ಕಾವಲು ನಾಯಿ ಬೊಗಳುತ್ತೆ ಅಂತ ನಾಯಿಯನ್ನೇ ಓಡಿಸಿದ ಹಾಗೆ. ಆ ವರ್ಷವೇ ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ಅಂಕ ಹೇಳಿಕೊಳ್ಳುವಂತೆ ಇರಲಿಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಸಿಕ್ಕಿತು, ಸೇರಿಬಿಟ್ಟೆ.

ಎರಡು ವರ್ಷದ ಕೋರ್ಸ್. ಮೊದಲ ದಿನವೇ ಕರೆಂಟು ಮುಟ್ಟಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಕೈಗೆ ಕೊಟ್ಟದ್ದು ಅರ. ಒಂದು ಕಬ್ಬಿಣದ ತುಂಡು ವೈಸ್‌ಗೆ ಕಟ್ಟಿ, ನಾಲ್ಕೂ ಮೂಲೆ 90 ಡಿಗ್ರಿ ಬರುವ ತನಕ ಉಜ್ಜು ಅಂದರು. ವಾರಗಟ್ಟಲೆ ಉಜ್ಜಿದೆವು. ಎಲೆಕ್ಟ್ರಿಷಿಯನ್‌ಗೆ ಇದು ಯಾಕೆ ಅಂತ ಆಗ ಬೈದುಕೊಂಡೆ. ಆಮೇಲೆ ಪ್ಯಾನೆಲ್‌ನಲ್ಲಿ ಬಸ್‌ಬಾರ್ (ಕರೆಂಟು ಹಂಚುವ ಲೋಹದ ಪಟ್ಟಿ) ಕೂರಿಸುವಾಗ, ಒಂದು ಮಿಲಿಮೀಟರ್ ಸೊಟ್ಟ ಇದ್ದರೂ ಬೋಲ್ಟ್ ಸರಿಯಾಗಿ ಕೂರದೆ ಜಾಯಿಂಟ್ ಬಿಸಿಯಾಗುವುದನ್ನು ಕಣ್ಣಾರೆ ಕಂಡ ಮೇಲೆ, ಆ ಅರದ ಬಗ್ಗೆ ನಾನು ಮಾತಾಡಿಲ್ಲ.

ಆಮೇಲೆ ವೈರ್ ಜಾಯಿಂಟುಗಳು ಬಂದವು. ಬ್ರಿಟಾನಿಯಾ, ವೆಸ್ಟರ್ನ್ ಯೂನಿಯನ್, ಮ್ಯಾರೀಡ್, ರ‍್ಯಾಟ್ ಟೇಲ್. ಹೆಸರು ಕೇಳಿ ಬಿಸ್ಕತ್ತು, ಮದುವೆ ಅಂತ ನಗುತ್ತಿದ್ದೆವು. ಸ್ಟೇರ್‌ಕೇಸ್ ವೈರಿಂಗ್, ಗೋಡೌನ್ ವೈರಿಂಗ್, ಸ್ಟಾರ್ಟರ್ ಕನೆಕ್ಷನ್ ಎಲ್ಲ ಬೋರ್ಡಿನ ಮೇಲೆ ಮಾಡಿದೆವು. ಕೊರತೆಯೂ ಇತ್ತು. ನಮ್ಮ ಬ್ಯಾಚಿಗೆಲ್ಲ ಸೇರಿ ಕೆಲಸ ಮಾಡುವ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಒಂದೇ, ವೈಂಡಿಂಗ್ ಪ್ರಾಕ್ಟಿಕಲ್‌ನಲ್ಲಿ ಒಂದು ಮೋಟರ್ ಸುತ್ತ ಎಂಟು ಹತ್ತು ಜನ ನಿಂತು ನೋಡುವುದೇ ಆಗುತ್ತಿತ್ತು. ಆದರೆ ಐಟಿಐ ದಂಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಓಮ್ಸ್ ಲಾ, ಸೀರೀಸ್, ಪ್ಯಾರಲಲ್ ಇಷ್ಟನ್ನು ಅಲ್ಲಿ ನೆಟ್ಟಗೆ ಕಲಿತರೂ ಸಾಕು, ಮುಂದೆ ಅದೇ ಅನ್ನ ಕೊಡುತ್ತದೆ. ನಾನಂತೂ ಆಗ ಬಾಯಿಪಾಠ ಮಾಡಿ ಪಾಸಾದವನು. ಅದು ಅರ್ಥವಾದದ್ದು ಬಹಳ ತಡವಾಗಿ, ಅದೂ ಒಬ್ಬರ ಟಿವಿ ಸುಟ್ಟ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ.

ಐಟಿಐ ಮುಗಿದ ಮೇಲೆ ಬೆಂಗಳೂರಿನ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಒಂದು ವರ್ಷ ಅಪ್ರೆಂಟಿಸ್. ಸ್ಟೈಪೆಂಡ್ ರೂಮಿನ ಬಾಡಿಗೆಗೂ ಮೆಸ್ಸಿಗೂ ಸರಿಹೋಗುತ್ತಿತ್ತು, ಊರಿಗೆ ಕಳಿಸುವ ಮಾತೇ ಇಲ್ಲ. ಆದರೆ ಶಿಸ್ತು ಅನ್ನುವುದು ಕಲಿತದ್ದು ಅಲ್ಲಿ. ಯಾವ ಮೆಷಿನ್‌ಗೆ ಕೈ ಹಾಕುವ ಮೊದಲೂ ಮೇನ್ ಆಫ್ ಮಾಡಿ, ಅದಕ್ಕೆ ನಮ್ಮದೇ ಬೀಗ ಹಾಕಿ, ಬೀಗದ ಕೈ ನಮ್ಮ ಜೇಬಲ್ಲೇ ಇಟ್ಟುಕೊಳ್ಳಬೇಕು. ಬೀಗಕ್ಕೆ ಹೆಸರು ಬರೆದ ಟ್ಯಾಗ್. ಬೇರೆ ಯಾರು ಬಂದು ಕೇಳಿದರೂ, ಅವರು ಮ್ಯಾನೇಜರ್ ಆಗಿದ್ದರೂ, ಬೀಗದ ಕೈ ಕೊಡುವ ಹಾಗಿಲ್ಲ. ದೊಡ್ಡ ಮೋಟರುಗಳಿಗೆ, ಮೊದಲು ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇದ್ದವು. ಸ್ಟಾರ್‌ನಲ್ಲಿ ಶುರುವಾಗುವಾಗ ಡೆಲ್ಟಾದ ಮೂರನೇ ಒಂದು ಭಾಗ ಕರೆಂಟು ಮಾತ್ರ ಎಳೆಯುತ್ತದೆ ಅಂತ ಓದಿದ್ದೆ, ಅಲ್ಲಿ ಕ್ಲಾಂಪ್ ಮೀಟರ್ ಹಾಕಿ ನೋಡಿದೆ. ಓದಿದ್ದು ಮೀಟರಿನಲ್ಲಿ ಹಾಗೇ ಕಂಡಾಗ ಆಗುವ ಖುಷಿ ಬೇರೆಯೇ.

ಅಪ್ರೆಂಟಿಸ್ ಪರೀಕ್ಷೆಯೂ ಪಾಸಾಯಿತು. ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಆಗಲಿಲ್ಲ. ಎರಡು ಸರ್ಟಿಫಿಕೇಟ್ ಹಿಡಿದುಕೊಂಡು ಒಬ್ಬ ಮನೆ ವೈರಿಂಗ್ ಮೇಸ್ತ್ರಿ ಹತ್ತಿರ ಹೆಲ್ಪರ್ ಆಗಿ ಸೇರಿದೆ.

ಮೇಸ್ತ್ರಿ ಮಾಗಡಿ ಕಡೆಯವರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಲೋ ಐಟಿಐ' ಅಂತಲೇ. ಮೊದಲ ಮೂರು ತಿಂಗಳು ವೈರ್ ಮುಟ್ಟಿಸಲಿಲ್ಲ. ಕಂಬಿ ಕಟ್ಟುವವರ ಹಿಂದೆ ಸೆಂಟ್ರಿಂಗ್ ಹತ್ತಿ ಸ್ಲ್ಯಾಬ್ ಪೈಪ್ ಹಾಕುವುದು, ಫ್ಯಾನ್ ಬಾಕ್ಸ್‌ಗೆ ಕಾಂಕ್ರೀಟ್ ಹೋಗದ ಹಾಗೆ ಪೇಪರ್ ತುರುಕುವುದು, ಗೋಡೆ ಕೊರೆಯುವುದು. ಮೆಷಿನ್ನಿನ ದೂಳಿಗೆ ಸಂಜೆ ಹೊತ್ತಿಗೆ ಹುಬ್ಬು ಬೆಳ್ಳಗಾಗುತ್ತಿತ್ತು. ಐಟಿಐನಲ್ಲಿ ಬೋರ್ಡಿನ ಮೇಲೆ ಎರಡು ಅಡಿ ಪೈಪಿನಲ್ಲಿ ವೈರ್ ಎಳೆದವನಿಗೆ, ನಾಲ್ಕು ಬೆಂಡ್ ಇರುವ ಸ್ಲ್ಯಾಬ್ ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗ್ ಹೋಗದೆ ನಿಂತಾಗ ಏನು ಮಾಡಬೇಕು ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ. ಅಣ್ಣ ಬಂದು ಇನ್ನೊಂದು ಕಡೆಯಿಂದ ಸ್ಪ್ರಿಂಗ್ ಬಿಟ್ಟು, ಎರಡು ಸಲ ತಿರುಚಿ ಎಳೆದುಬಿಡುತ್ತಿದ್ದರು.

ಈಗ ಟೆಸ್ಟರ್ ವಿಷಯಕ್ಕೆ ಬರುತ್ತೇನೆ.

ಒಂದು ಸಂಜೆ ಹಳೇ ಮನೆಯೊಂದರಿಂದ ಫೋನ್ ಬಂತು. ಅರ್ಧ ಮನೆಗೆ ಕರೆಂಟು ಇಲ್ಲ. ಅಣ್ಣ ಬೇರೆ ಕಡೆ ಇದ್ದರು, ನೀನು ಹೋಗಿ ನೋಡು, ನಾನು ಬರ್ತೀನಿ ಅಂದರು. ಹೋದೆ. ರೂಮಿನ ಲೈಟು ಇಲ್ಲ, ಫ್ಯಾನ್ ಇಲ್ಲ, ಫ್ರಿಜ್ ಇಲ್ಲ. ಫ್ಯೂಸ್ ಸರಿ ಇದೆ. ಪ್ಲಗ್ಗಿನ ಬಲಗಡೆ ತೂತಿಗೆ ಟೆಸ್ಟರ್ ಇಟ್ಟೆ, ಉರಿಯಿತು. ಸರಿ, ಫೇಸ್ ಇದೆ. ಎಡಗಡೆ ತೂತಿಗೆ ಇಟ್ಟೆ. ಅದು ನ್ಯೂಟ್ರಲ್, ಕರೆಂಟು ವಾಪಸ್ ಹೋಗುವ ದಾರಿ, ಅಲ್ಲಿ ಉರಿಯಬಾರದು. ಅಲ್ಲೂ ಉರಿಯಿತು. ಸ್ವಲ್ಪ ಮಂಕಾಗಿ, ಆದರೆ ಉರಿಯಿತು. ನನಗೆ ಬೆವರು ಬಂತು. ಮನೆಯ ಅಜ್ಜಿ ಪಕ್ಕದಲ್ಲೇ ಮೇಣದಬತ್ತಿ ಹಿಡಿದು ನಿಂತಿದ್ದರು. 'ಎರಡು ಫೇಸ್ ಬಂದಿದೆ ಅಜ್ಜಿ, ಲೈನಿನ ಪ್ರಾಬ್ಲಂ, ಲೈನ್‌ಮ್ಯಾನ್ ಕರೆಸಬೇಕು' ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿಬಿಟ್ಟೆ.

ಅಷ್ಟರಲ್ಲಿ ಅಣ್ಣ ಬಂದರು. ನಾನು ಹೇಳಿದ್ದು ಕೇಳಿ ನಗಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು. 'ಮನೆಗೆ ಕಂಬದಿಂದ ಬಂದಿರೋದೇ ಒಂದು ಫೇಸು. ಇನ್ನೊಂದು ಎಲ್ಲಿಂದ ಬರುತ್ತೋ ಐಟಿಐ?' ಅಂದರು. ಆಮೇಲೆ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ ಕಿತ್ತು, 'ಈಗ ನೋಡು' ಅಂದರು. ಎಡಗಡೆ ತೂತಿನಲ್ಲಿ ಟೆಸ್ಟರ್ ಆರಿಹೋಗಿತ್ತು. ಒಂದು ಲೈಟಿನ ಸ್ವಿಚ್ ಹಾಕಿದರು. ಮತ್ತೆ ಉರಿಯಿತು. 'ನ್ಯೂಟ್ರಲ್ ಕಟ್ ಆಗಿದೆ' ಅಂದವರೇ ಮೇನ್ ಆಫ್ ಮಾಡಿ ಮೀಟರ್ ಬೋರ್ಡ್ ಬಿಚ್ಚಿದರು. ನ್ಯೂಟ್ರಲ್ ಲಿಂಕಿನಲ್ಲಿ ಒಂದು ಸ್ಕ್ರೂ ಸಡಿಲ. ವೈರಿನ ತುದಿ ಕಪ್ಪಗೆ ಸುಟ್ಟು, ಮೇಲಿನ ಪಿವಿಸಿ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಸುಲಿದು, ಬಿಗಿ ಮಾಡಿದರು. ಹತ್ತು ನಿಮಿಷದ ಕೆಲಸ.

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಯೋಚಿಸಿದೆ. ಫೇಸ್ ಸ್ವಿಚ್ ದಾಟಿ ಬಲ್ಬಿನೊಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ, ವಾಪಸ್ ಕಂಬಕ್ಕೆ ಹೋಗುವ ದಾರಿ ಕಟ್ ಆಗಿದೆ. ಹಾಗಾಗಿ ಅದು ನ್ಯೂಟ್ರಲ್ ವೈರಿನಲ್ಲೇ ನಿಂತುಬಿಡುತ್ತದೆ. ಕರೆಂಟು ಹರಿಯುತ್ತಿಲ್ಲ, ಅದಕ್ಕೇ ಬಲ್ಬ್ ಉರಿಯಲ್ಲ. ಆದರೆ ವೋಲ್ಟೇಜ್ ಇದೆ, ಟೆಸ್ಟರಿಗೆ ಬೇಕಾದ ಚೂರು ಕರೆಂಟು ನಮ್ಮ ಮೈಯಿಂದ ಭೂಮಿಗೆ ಹೋದರೆ ಸಾಕು, ಅದು ಉರಿಯುತ್ತದೆ. ನ್ಯೂಟ್ರಲ್ ತಾನೇ ಅಂತ ಆ ಕಪ್ಪು ವೈರ್ ಹಿಡಿದಿದ್ದರೆ ಶಾಕ್ ಹೊಡೆದೇ ಹೊಡೆಯುತ್ತಿತ್ತು. ಇದನ್ನು ಅಣ್ಣನಿಗೆ ಹೇಳಿದೆ. 'ಓ, ಹಂಗಾ?' ಅಂದರು. ಇಪ್ಪತ್ತು ವರ್ಷದಿಂದ ಈ ರೀತಿ ನ್ಯೂಟ್ರಲ್ ಕಟ್ ಹಿಡಿಯುತ್ತಿದ್ದವರು, ಯಾಕೆ ಹಾಗಾಗುತ್ತೆ ಅಂತ ಕೇಳಿಕೊಂಡಿರಲಿಲ್ಲ. ನನಗೆ ಯಾಕೆ ಅಂತ ಗೊತ್ತಿತ್ತು, ಎಲ್ಲಿ ಹುಡುಕಬೇಕು ಅಂತ ಗೊತ್ತಿರಲಿಲ್ಲ. ಮಾರನೇ ದಿನದಿಂದ ನನಗೆ ವೈರ್ ಕೊಟ್ಟರು.

ಟೆಸ್ಟರ್ ಒಂದನ್ನೇ ನಂಬುವುದನ್ನು ಅಂದೇ ಬಿಟ್ಟೆ. ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ ಒಂದು ಸುಮಾರಾದ ಮಲ್ಟಿಮೀಟರ್ ತಂದೆ. ಜೊತೆಗೆ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಇವತ್ತಿಗೂ ಬ್ಯಾಗಿನಲ್ಲಿದೆ. ಮೀಟರ್ ಕೂಡ ಕೆಲವು ಸಲ ಸುಳ್ಳು ವೋಲ್ಟೇಜ್ ತೋರಿಸುತ್ತದೆ, ಪಕ್ಕದ ವೈರಿನಿಂದ ಇಂಡಕ್ಷನ್ ಆಗಿ. ಆದರೆ ಬಲ್ಬ್ ಉರಿಯಬೇಕಾದರೆ ನಿಜವಾದ ಕರೆಂಟೇ ಬೇಕು.

ಇನ್ನು ಆ ಟಿವಿ ಕಥೆ. ಎರಡು ವರ್ಷ ಆಗಿತ್ತು, ನನಗೆ ಕೊಂಬು ಬಂದಿತ್ತು. ತ್ರೀ ಫೇಸ್ ಇರುವ ಮೂರು ಮಹಡಿಯ ಮನೆ, ಒಂದೊಂದು ಮಹಡಿಗೆ ಒಂದೊಂದು ಫೇಸ್. ಡಿಬಿಯಲ್ಲಿ, ಅಂದರೆ ಮನೆಯ ಕರೆಂಟು ಹಂಚುವ ಡಬ್ಬಿಯಲ್ಲಿ, ವೈರುಗಳನ್ನು ನೀಟಾಗಿ ಜೋಡಿಸುತ್ತಿದ್ದೆ. ಮೇನ್ ಆಫ್ ಮಾಡಿದರೆ ಮನೆಯವರು ಬೈತಾರೆ ಅಂತ ಆಫ್ ಮಾಡಲಿಲ್ಲ. ಒಂದು ನ್ಯೂಟ್ರಲ್ ತಾನೇ ಅಂತ ಮೇನ್ ನ್ಯೂಟ್ರಲ್ಲಿನ ಸ್ಕ್ರೂ ಸಡಿಲ ಮಾಡಿ ವೈರ್ ಎಳೆದೆ. ಎರಡು ಸೆಕೆಂಡ್ ಆಗಿರಬೇಕು. ಮೇಲಿನಿಂದ ಟಪ್ ಅಂತ ಸದ್ದು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಾಡಿಗೆಯವರ ಟಿವಿ, ಸೆಟ್ ಟಾಪ್ ಬಾಕ್ಸ್, ಎರಡು ಎಲ್‌ಇಡಿ ಬಲ್ಬ್ ಹೋದವು.

ಐಟಿಐನಲ್ಲಿ ಬಾಯಿಪಾಠ ಮಾಡಿದ್ದ ಸೀರೀಸ್ ಸರ್ಕ್ಯೂಟ್ ಅದು. ನ್ಯೂಟ್ರಲ್ ಇರುವ ತನಕ ಪ್ರತಿ ಮಹಡಿಗೆ 230 ವೋಲ್ಟ್. ನ್ಯೂಟ್ರಲ್ ತೆಗೆದರೆ ಒಂದು ಮಹಡಿಯ ಲೋಡು ಇನ್ನೊಂದು ಮಹಡಿಯ ಲೋಡಿನ ಜೊತೆ ಸೀರೀಸ್ ಆಗಿ ಎರಡು ಫೇಸ್ ನಡುವಿನ 400 ವೋಲ್ಟ್ ಹಂಚಿಕೊಳ್ಳುತ್ತವೆ. ಸಮನಾಗಿ ಹಂಚಿಕೊಳ್ಳಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಕಡೆ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಕಡೆ 100 ವ್ಯಾಟ್ ಬಲ್ಬ್ ಮಾತ್ರ ಇದ್ದರೆ, ಬಲ್ಬಿಗೆ ಸುಮಾರು 360 ವೋಲ್ಟ್ ಸಿಗುತ್ತದೆ, ಇಸ್ತ್ರಿಗೆ 40ಕ್ಕೂ ಕಡಿಮೆ. ಕಡಿಮೆ ಲೋಡ್ ಇದ್ದವನೇ ಸುಡುವುದು. ಆ ಟಿವಿಯ ದುಡ್ಡು ನನ್ನ ಕೂಲಿಯಲ್ಲಿ ನಾಲ್ಕು ತಿಂಗಳು ಮುರಿದುಕೊಂಡರು. ಅಣ್ಣ ಬೈಯಲಿಲ್ಲ. 'ಪೀಣ್ಯದಲ್ಲಿ ಬೀಗ ಹಾಕ್ತಿದ್ದೆ ಅಂತ ಹೇಳ್ತಿದ್ದಲ್ಲ, ಆ ಬೀಗ ಎಲ್ಲಿ?' ಅಂತ ಮಾತ್ರ ಕೇಳಿದರು.

ಇಷ್ಟಾದರೂ ಕಾಗದದ ಮೇಲೆ ನಾನು ಆಗ ಯಾರೂ ಅಲ್ಲ. ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಐಟಿಐ ಸರ್ಟಿಫಿಕೇಟ್ ಬೇರೆ, ಕೆಲಸ ಮಾಡುವ ಪರವಾನಗಿ ಬೇರೆ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಿಸಬೇಕು, ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ನೋಡಿಕೊಳ್ಳಬೇಕು, ಕೈ ಹಾಕುವವನಿಗೆ ಪರ್ಮಿಟ್ ಇರಬೇಕು ಅನ್ನುವುದು ಕಾನೂನು. 1956ರ ರೂಲ್ಸ್‌ನಲ್ಲಿ ಇದು 45ನೇ ನಿಯಮವಾಗಿತ್ತು, ಹಳೇ ಕಂಟ್ರಾಕ್ಟರುಗಳು ಈಗಲೂ ಹಾಗೇ ಕರೆಯುತ್ತಾರೆ. ಈಗ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳಲ್ಲಿದೆ. ನಮ್ಮ ರಾಜ್ಯದಲ್ಲಿ ಈ ಪರ್ಮಿಟ್, ಲೈಸೆನ್ಸ್ ಎಲ್ಲ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ. ಹೊಸ ಮನೆಗೆ ಮೀಟರ್ ಕೇಳಲು ಹೋದರೆ ಬೇಕಾಗುವ ಕಂಪ್ಲೀಷನ್ ರಿಪೋರ್ಟಿಗೆ ಲೈಸೆನ್ಸ್ ಇದ್ದವರೇ ಸಹಿ ಹಾಕಬೇಕು. ಕೆಲಸ ಮಾಡುವುದು ಒಬ್ಬ, ಸಹಿ ಹಾಕುವುದು ಆ ಮನೆಯನ್ನೇ ನೋಡದ ಇನ್ನೊಬ್ಬ, ಈ ಪದ್ಧತಿ ಎಷ್ಟು ಕಡೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ನನಗೆ ಅದು ಸರಿ ಕಾಣಲಿಲ್ಲ.

ಪರ್ಮಿಟ್‌ಗೆ ನಾನು ಪಟ್ಟ ಪಾಡು ಓದುವುದರಲ್ಲಿ ಅಲ್ಲ, ಅನುಭವ ಪತ್ರ ಜೋಡಿಸುವುದರಲ್ಲಿ. ಹೆಲ್ಪರ್ ಆಗಿ ದುಡಿದ ದಿನಗಳಿಗೆ ಒಂದು ಚೀಟಿಯೂ ಇರಲಿಲ್ಲ. ಅಣ್ಣನ ಹತ್ತಿರವೇ ಲೈಸೆನ್ಸ್ ಇಲ್ಲ, ಅವರು ಬರೆದುಕೊಟ್ಟರೆ ಯಾರು ಕೇಳುತ್ತಾರೆ? ಕೊನೆಗೆ ಲೈಸೆನ್ಸ್ ಇರುವ ಇನ್ನೊಬ್ಬ ಕಂಟ್ರಾಕ್ಟರ್ ಹತ್ತಿರ ಮೊದಲಿನಿಂದ ಸೇರಿ, ಮಸ್ಟರ್ ರೋಲಿನಲ್ಲಿ ಹೆಸರು ಬರುವ ಹಾಗೆ ಕೆಲಸ ಮಾಡಿ ಪರ್ಮಿಟ್ ಮಾಡಿಸಿದೆ. ಅಪ್ರೆಂಟಿಸ್ ಸರ್ಟಿಫಿಕೇಟ್ ಆಗ ತುಂಬಾ ಉಪಯೋಗಕ್ಕೆ ಬಂತು. ಈಗ ಐಟಿಐ ಮುಗಿಸುತ್ತಿರುವವರು ಸಂಬಳ ಸ್ವಲ್ಪ ಕಡಿಮೆ ಆದರೂ ಲೈಸೆನ್ಸ್ ಇರುವವರ ಕೈಕೆಳಗೇ ಸೇರಿಕೊಳ್ಳಿ, ಪ್ರತಿ ಕಾಗದವನ್ನೂ ಎತ್ತಿಡಿ.

ಈಗ ಲೈಸೆನ್ಸನ್ನೂ ಮಾಡಿಸಿಕೊಂಡು ಸ್ವಂತವಾಗಿ ಸಣ್ಣಪುಟ್ಟ ಕಂಟ್ರಾಕ್ಟ್ ಮಾಡುತ್ತೇನೆ. ಲೈಟಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್ ಎಸಿಗೆ 4 ಸ್ಕ್ವೇರ್ ಎಂಎಂ ದಪ್ಪದ ವೈರ್, ಇದರಲ್ಲಿ ಚೌಕಾಸಿ ಇಲ್ಲ. ಕರೆಂಟು ಭೂಮಿಗೆ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಡ, ಸುಮ್ನೆ ಟ್ರಿಪ್ ಆಗುತ್ತೆ ಅನ್ನುವ ಮನೆ ಮಾಲೀಕರು ಸಿಕ್ಕಿದರೆ ನನಗೆ ಅಪ್ಪನ ಪ್ರಿವೆಂಟರ್ ನೆನಪಾಗುತ್ತದೆ. ಆದರೆ ಆರ್‌ಸಿಸಿಬಿ ಹಾಕಿಬಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ನೀವೂ ಒಂದು ಬಲ್ಬೇ.

ಅಣ್ಣ ಈಗಲೂ ಕೆಲಸ ಮಾಡುತ್ತಾರೆ, ಹೆಸರಿಗೆ ನನ್ನ ಲೈಸೆನ್ಸಿನ ಕೆಳಗೆ. ಕರೆಯುವುದು ಮಾತ್ರ ಅದೇ ಹೆಸರು. ನಿನ್ನೆ ಫೋನ್ ಮಾಡಿದ್ದರು, 'ಲೋ ಐಟಿಐ, ಕಾರ್ ಚಾರ್ಜರ್‌ಗೆ 4 ಸ್ಕ್ವೇರ್ ಸಾಕಾ, 6 ಎಳೀಬೇಕಾ?' ಅಂತ. ಎಷ್ಟು ಕಿಲೋವ್ಯಾಟ್ ಅಣ್ಣ ಅಂದೆ. 7.4 ಅಂತ ಬರೆದಿದೆ ಅಂದರು. ಹಾಗಾದರೆ 32 ಆಂಪಿಯರ್, 4 ಆಗಲ್ಲ, ಮೀಟರಿನಿಂದ ಪಾರ್ಕಿಂಗ್‌ಗೆ ಎಷ್ಟು ದೂರ ಅಳೆದು ಹೇಳಿ, 6 ಸಾಕಾ ನೋಡೋಣ ಅಂದೆ. ಟೇಪ್ ಹುಡುಗನ ಹತ್ತಿರ ಇದೆ, ಅವನು ಟೀಗೆ ಹೋಗಿದ್ದಾನೆ ಅಂತ ಫೋನ್ ಇಟ್ಟರು. ಇನ್ನೂ ಅಳತೆ ಬಂದಿಲ್ಲ.